ಬೆಣ್ಣಿಹಳ್ಳದ ದಂಡೆಯ ಶಾಸಕರಿಗೊಂದು ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಮ್ಮ ಬೆಣ್ಣಿಹಳ್ಳ ಉಕ್ಕಿ ಬಂದಾಗ ನೀವೂ ಬರುತ್ತೀರಿ, ಇಲ್ಲ ಅನ್ನಲ್ಲ. ಕೊಚ್ಚಿಹೋದ ಹೊಲ ನೋಡುತ್ತೀರಿ, ಸರ್ವೆ ಮಾಡಿಸಿ ಅಂತ ತಹಶೀಲ್ದಾರರಿಗೆ ಹೇಳುತ್ತೀರಿ, ನಿಸರ್ಗದ ಮುಂದೆ ನಮ್ಮದೇನು ನಡೆಯುತ್ತೆ ಅಂತ ಗಾಡಿ ಹತ್ತುತ್ತೀರಿ. ಆ ಕೊನೆಯ ಮಾತಿಗೇ ನನ್ನ ತಕರಾರು.

ಈ ನೆರೆ, ಬರ ಬರೀ ನಿಸರ್ಗದ ಆಟ ಅಲ್ಲ, ಹವಾಮಾನ ಬದಲಾವಣೆಯ ಕೈಯೂ ಇದರಲ್ಲಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು, ಕಾಡು ಕಡಿದು ಮನುಷ್ಯರೇ ಗಾಳಿಗೆ ಇಂಗಾಲದ ಡೈಆಕ್ಸೈಡ್ ತುಂಬಿದ್ದೇವೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 280 ಭಾಗ ಇದ್ದದ್ದು ಈಗ 420 ದಾಟಿದೆ. ಹೊರಗೆ ಹೋಗಬೇಕಾದ ಶಾಖವನ್ನು ಅದು ಹಿಡಿದಿಡುತ್ತೆ. ಗಾಳಿ 1 ಡಿಗ್ರಿ ಕಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹೊರಬಲ್ಲದು. ಹಾಗಾಗಿ ಮಳೆ ಕೈಕೊಟ್ಟ ದಿನಗಳಲ್ಲಿ ಅದೇ ಗಾಳಿ ನಮ್ಮ ಎರೆಹೊಲದ ಹಸಿಯನ್ನು ಬೇಗ ಹೀರುತ್ತೆ, ಸುರಿಯೋಕೆ ನಿಂತರೆ ಒಂದೇ ರಾತ್ರಿಯಲ್ಲಿ ಸುರಿದು ಮುಗಿಸುತ್ತೆ.

2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಹೋಗಿ ಸೇರುವ ಮಲಪ್ರಭೆ ಹೊಳೆ ಕೊಣ್ಣೂರು, ಹೊಳೆಆಲೂರು ಕಡೆ ಊರೊಳಗೇ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಘೋಷಣೆ ಆಯಿತು. ಇನ್ನು ನಮ್ಮ ಹೆಸರುಕಾಳಿನ ಬೆಳೆಯ ಕಥೆ ನಿಮಗೆ ಗೊತ್ತೇ ಇದೆ. ಬಿತ್ತುವಾಗ ಮಳೆ ಇಲ್ಲ ಅಂತ ಆಕಾಶ ನೋಡಬೇಕು, ಬಿಡಿಸೋ ಹೊತ್ತಿಗೆ ಮಳೆ ಹಿಡಿದು ಕಾಯಿಯಲ್ಲೇ ಮೊಳಕೆ ಒಡೆದರೆ ಆ ಕಾಳನ್ನು ಖರೀದಿ ಕೇಂದ್ರದಲ್ಲಿ ಯಾರೂ ಮುಟ್ಟಲ್ಲ, ದಲಾಲರು ಹೇಳಿದ ರೇಟಿಗೆ ಕೊಟ್ಟು ಬರಬೇಕು. ಭೂಮಿ ಇನ್ನೂ ಕಾದಂತೆ ಇಂಥ ಅತಿರೇಕಗಳು ಹೆಚ್ಚುತ್ತವೆ ಅಂತ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2021ರ ವರದಿಯಲ್ಲೇ ಹೇಳಿದೆ.

ದೇಶ ನಿವ್ವಳ ಶೂನ್ಯಕ್ಕೆ, ಅಂದರೆ ಗಾಳಿಗೆ ಬಿಟ್ಟಷ್ಟು ಇಂಗಾಲವನ್ನು ವಾಪಸ್ ಹೀರಿಸಿ ಲೆಕ್ಕ ಸರಿದೂಗಿಸೋದಕ್ಕೆ, ಇಟ್ಟುಕೊಂಡ ಗುರಿ 2070. ಕಲ್ಲಿದ್ದಲು ನಿಲ್ಲಿಸೋದು ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. (ನಮ್ಮ ಟ್ರ್ಯಾಕ್ಟರುಗಳು ಸುಟ್ಟ ಡೀಸೆಲ್ಲಾದರೂ ಎಷ್ಟು ಮಹಾ, ಹೇಳಿ.) ಆದರೆ ಹಳ್ಳ ನಿಮ್ಮ ಕೈಯಲ್ಲಿದೆ ಅಲ್ವಾ? ಜಾಲಿಕಂಟಿ, ಹೂಳು ತುಂಬಿ ಹಳ್ಳಕ್ಕೆ ಹರಿಯೋಕೆ ಜಾಗ ಇಲ್ಲ. ಅದನ್ನು ಮಳೆಗಾಲಕ್ಕೆ ಮುಂಚೆ ತೆಗೆಸಿ, ನೀರು ಬಂದಮೇಲೆ ಅಲ್ಲ. ಹೊಸ ಸೇತುವೆ ಕಟ್ಟಿಸುವಾಗ ಅಜ್ಜನ ಕಾಲದ ಮಳೆ ಲೆಕ್ಕ ಹಿಡಿಯಬೇಡಿ, ಮುಂದಿನ ಮೂವತ್ತು ವರ್ಷದ ಮಳೆ ನೋಡಿ ಎತ್ತರ ಇಡಿಸಿ. ಕೃಷಿಹೊಂಡ ಕೇಳಿದವರಿಗೆ ಬೇಸಿಗೆಯಲ್ಲೇ ಮಂಜೂರಾಗಲಿ.

ಬೆಳಗಾವಿ ಅಧಿವೇಶನದಲ್ಲಿ ಒಂದೇ ಪ್ರಶ್ನೆ ಕೇಳಿ: ಹವಾಮಾನ ಬದಲಾವಣೆಗೆ ಅಂತ ರಾಜ್ಯ ಸರ್ಕಾರ ಮಾಡಿರೋ ಕ್ರಿಯಾಯೋಜನೆಯಲ್ಲಿ ಬೆಣ್ಣಿಹಳ್ಳಕ್ಕೆ ಏನಿದೆ, ಅದಕ್ಕೆ ಈ ವರ್ಷ ಎಷ್ಟು ದುಡ್ಡು ಇಟ್ಟಿದ್ದೀರಿ? ಉತ್ತರ ಲಿಖಿತವಾಗಿ ತಗೊಂಡು ಪಂಚಾಯ್ತಿ ಬೋರ್ಡಿಗೆ ಹಚ್ಚಿಸಿ. ನಾವು ಓದಿಕೊಳ್ಳುತ್ತೇವೆ.

ಇಂತಿ,
ಹೆಸರು ಬೆಳೆಯೋ ಒಬ್ಬ ಮತದಾರ