ನೀಲಗಾಯ್ ಬೇಟೆ: ಸಿಟ್ಟು ಮಾಂಸ ತಿನ್ನೋರ ಮೇಲೆ ಯಾಕೆ?

ಮಾನ್ಯ ಸಂಪಾದಕರೇ,

ಅಮೆರಿಕದ ಟೆಕ್ಸಾಸ್‌ನಲ್ಲಿ ನಮ್ಮ ದೇಶದ ನೀಲಗಾಯ್ (ಜಿಂಕೆಯಂಥ ದೊಡ್ಡ ಕಾಡುಪ್ರಾಣಿ), ಕೃಷ್ಣಮೃಗ ಎಲ್ಲ ಹೊಡೆದು ತಿಂತಾರೆ ಅಂತ ಬಂದಿದ್ದ ವರದಿ ಓದಿದೆ, ಆಮೇಲೆ ಓದುಗರು ಬರೆದ ಪತ್ರಗಳನ್ನೂ ಓದಿದೆ. ತುಂಬಾ ಜನ ಸಿಟ್ಟಾಗಿದಾರೆ. ಆ ಸಿಟ್ಟು ನಂಗೆ ಅರ್ಥ ಆಗತ್ತೆ, ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೃಷ್ಣಮೃಗಕ್ಕೆ ಒಂದನೇ ಶೆಡ್ಯೂಲ್‌ನ, ಅಂದ್ರೆ ಎಲ್ಲಕ್ಕಿಂತ ಕಟ್ಟುನಿಟ್ಟಿನ ರಕ್ಷಣೆ ಇದೆ, ಹೊಡೆದ್ರೆ ಜೈಲು, ಅದು ಹಾಗೇ ಇರಬೇಕು. ಆದ್ರೆ ಅದೇ ಅಳತೆಗೋಲು ಹಿಡ್ಕೊಂಡು ಟೆಕ್ಸಾಸ್‌ಗೆ ಹೋದ್ರೆ ಅಲ್ಲಿ ನಿಜವಾಗ್ಲೂ ಏನ್ ನಡೀತಿದೆ ಅನ್ನೋದು ಕಾಣೋದೇ ಇಲ್ಲ. ನಾನು ದಕ್ಷಿಣ ಟೆಕ್ಸಾಸ್‌ನಲ್ಲಿ ಕೆಲಸ ಮಾಡೋನು. ಬೇಟೆಗೆ ಹೋಗೋ ಗೆಳೆಯರ ಜತೆ ಹೋಗಿ ಮಾಂಸ ಬಿಡಿಸೋಕೆ ಕೈ ಹಚ್ಚಿದೀನಿ, ತಿಂದಿದೀನಿ ಕೂಡ.

ಈ ಪ್ರಾಣಿಗಳು ತಾವಾಗೇ ಅಲ್ಲಿಗೆ ಹೋದವಲ್ಲ. ನೀಲಗಾಯ್‌ನ ದಕ್ಷಿಣ ಟೆಕ್ಸಾಸ್‌ನಲ್ಲಿ ದನ ಸಾಕೋ ದೊಡ್ಡ ಜಮೀನಾದ ಕಿಂಗ್ ರ‍್ಯಾಂಚ್‌ನವರು 1920-30ರ ದಶಕಗಳಲ್ಲಿ ತಂದು ಬಿಟ್ರು, ಕೃಷ್ಣಮೃಗ 1932ರಲ್ಲಿ ಮಧ್ಯ ಟೆಕ್ಸಾಸ್‌ನ ಎಡ್ವರ್ಡ್ಸ್ ಪ್ಲಾಟೋ ಕಡೆ ಬಂತು. ಪಕ್ಕದ ನ್ಯೂ ಮೆಕ್ಸಿಕೋದಲ್ಲಿ 1969ರಿಂದ 1977ರವರೆಗೆ ಬೇಟೆಗೆ ಅಂತಲೇ ಸರ್ಕಾರದವರೇ ಆಫ್ರಿಕಾದ ಕಲಹರಿ ಮರುಭೂಮಿಯ ಓರಿಕ್ಸ್ ಅನ್ನೋ ಉದ್ದ ಕೊಂಬಿನ ಪ್ರಾಣಿನ ವೈಟ್ ಸ್ಯಾಂಡ್ಸ್ ಮಿಸೈಲ್ ರೇಂಜ್‌ನಲ್ಲಿ ಬಿಟ್ರು. ಬಿಟ್ಟಿದ್ದು ನೂರಕ್ಕೂ ಕಮ್ಮಿ, ಆಮೇಲೆ ಅದು ಸಾವಿರಗಟ್ಟಲೆ ಆಯ್ತು, ಯಾಕಂದ್ರೆ ಅಲ್ಲಿ ಸಿಂಹ ಇಲ್ಲ. ಹಾಗೇ ದಕ್ಷಿಣ ಟೆಕ್ಸಾಸ್‌ನಲ್ಲಿ ಹುಲಿ ಇಲ್ಲ. ಕೊಯೋಟಿಗಳು (ಅಲ್ಲಿಯ ನರಿ-ತೋಳದಂಥ ಪ್ರಾಣಿ) ಒಂದೊಂದು ಕರು ಹಿಡೀಬಹುದು, ಇನ್ನೂರು ಕೆಜಿ ಮೇಲಿರೋ ಗಂಡು ನೀಲಗಾಯ್ ಹತ್ರಕ್ಕೂ ಅವು ಹೋಗಲ್ಲ. ಅದನ್ನ ದೊಡ್ಡ ಲೆಕ್ಕದಲ್ಲಿ ಕೊಂದಿದ್ದು ಅಂದ್ರೆ ಚಳಿ ಒಂದೇ, 2021ರ ಫೆಬ್ರವರಿಯ ಹಿಮಗಾಳಿಗೆ ತುಂಬಾ ಸತ್ವು.

ಇದರ ಜತೆಗೆ ಉಣುಗಿನ ಸಮಸ್ಯೆ ಇದೆ, ಪತ್ರ ಬರೆದೋರು ಯಾರೂ ಇದರ ಬಗ್ಗೆ ಮಾತೇ ಎತ್ತಿಲ್ಲ. ದನಗಳಿಗೆ ಜ್ವರ ತರೋ ಉಣುಗನ್ನ ಅಮೆರಿಕದವರು 1906ರಲ್ಲಿ ಕಾರ್ಯಕ್ರಮ ಶುರು ಮಾಡಿ 1943ರ ಹೊತ್ತಿಗೆ ಹೆಚ್ಚುಕಮ್ಮಿ ದೇಶದಿಂದಾನೇ ಓಡಿಸಿದ್ರು, ಮೆಕ್ಸಿಕೋ ಗಡಿಯ ರಿಯೊ ಗ್ರಾಂಡೆ ನದಿ ಉದ್ದಕ್ಕೂ ಒಂದು ಪಟ್ಟಿಯನ್ನ ಮಾತ್ರ ಕ್ವಾರಂಟೈನ್ ಅಂತ ಇಟ್ಕೊಂಡು ಇವತ್ತಿಗೂ ಕಾಯ್ತಾ ಇದಾರೆ. ದನ ಆದ್ರೆ ಹಿಡಿದು ಔಷಧಿ ಹೊಡೀಬಹುದು, ಬೇಲಿಯೊಳಗೆ ಕೂಡಹಾಕಬಹುದು. ನೀಲಗಾಯ್‌ಗೆ ಯಾರು ಔಷಧಿ ಹೊಡೀತಾರೆ? ಬೇಲಿ ಕೆಳಗೆ ನುಸುಳಿ ಮೈಲಿಗಟ್ಟಲೆ ಓಡಾಡತ್ತೆ, ಉಣುಗೂ ಅದರ ಜತೆ ಹೋಗತ್ತೆ. ಹಂಗಾಗಿ ಸಂಖ್ಯೆ ಕಮ್ಮಿ ಮಾಡಲೇಬೇಕು ಅಂತ ಅಲ್ಲಿಯ ದನ ಸಾಕೋರು ಹೇಳೋದ್ರಲ್ಲಿ ನ್ಯಾಯ ಇದೆ.

ಈಗ ನಾನು ಮುಖ್ಯವಾಗಿ ಹೇಳ್ಬೇಕಾದ್ದು. ಸಂಖ್ಯೆ ಕಮ್ಮಿ ಆಗ್ಬೇಕು ಅಂದ್ರೆ ಹೆಣ್ಣನ್ನ ಹೊಡೀಬೇಕು. ಒಂದು ಗಂಡು ಎಷ್ಟೋ ಹೆಣ್ಣುಗಳ ಜತೆ ಸೇರತ್ತೆ, ಹೆಣ್ಣು ನೀಲಗಾಯ್ ಎಷ್ಟೋ ಸಲ ಅವಳಿ ಕರು ಹಾಕತ್ತೆ, ಇಂಥದ್ರಲ್ಲಿ ಗೋಡೆಗೆ ನೇತುಹಾಕೋಕೆ ದೊಡ್ಡ ಗಂಡನ್ನೇ ಹುಡುಕಿ ಹೊಡೆದ್ರೆ ಮುಂದಿನ ವರ್ಷ ಹುಟ್ಟೋ ಕರುಗಳಲ್ಲಿ ಏನೂ ವ್ಯತ್ಯಾಸ ಆಗಲ್ಲ. ಮಾಂಸಕ್ಕೆ ಅಂತ ಹೋಗೋನು ಹೆಣ್ಣನ್ನೇ ಹುಡುಕ್ತಾನೆ, ಮಾಂಸ ಮೆತ್ತಗೆ ಇರತ್ತೆ, ದುಡ್ಡೂ ಕಮ್ಮಿ. ಅಂದ್ರೆ ಆ ನೆಲಕ್ಕೆ ಬೇಕಾದ ಕೆಲಸ ಮಾಡ್ತಿರೋನು ಅವನು, ನಿಮ್ಮ ಓದುಗರು ಬೈದಿರೋದೂ ಅವನನ್ನೇ. ಎತ್ತರದ ಬೇಲಿಯೊಳಗೆ ಸಾಕಿ, ಕೊಂಬಿನ ಉದ್ದ ನೋಡಿ ರೇಟ್ ಫಿಕ್ಸ್ ಮಾಡಿ, ದುಡ್ಡು ಕೊಟ್ಟೋನ ಮುಂದೆ ಪ್ರಾಣಿ ತಂದು ನಿಲ್ಲಿಸೋ ದಂಧೆ ಬೇರೆ ಇದೆ, ಅದು ನಂಗೆ ಅಸಹ್ಯ, ನೇರವಾಗಿ ಹೇಳ್ತೀನಿ. ಅಂಥೋರು ನಾವೂ ಸಂಖ್ಯೆ ಕಂಟ್ರೋಲ್ ಮಾಡ್ತಿದೀವಿ ಅಂದಾಗ ನಂಬಬೇಡಿ.

ಕಾನೂನು ತುಂಬಾ ಸಡಿಲ ಇದೆ ಅನ್ನೋದು ನಿಜ. ಟೆಕ್ಸಾಸ್‌ನಲ್ಲಿ ಇವುಗಳಿಗೆ ಸ್ಥಳೀಯ ಜಿಂಕೆಗಿರೋ ಹಾಗೆ ಸೀಸನ್ ಇಲ್ಲ, ಇಷ್ಟೇ ಹೊಡೀಬೇಕು ಅಂತ ಲಿಮಿಟ್ಟೂ ಇಲ್ಲ, ಬೇಟೆ ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಇದ್ರೆ ಮುಗೀತು. ಅದಕ್ಕೇ ಬೇಟೆಗಾರನೇ ತನಗೆ ತಾನು ಕಟ್ಟುಪಾಡು ಹಾಕ್ಕೋಬೇಕು. ನೀಲಗಾಯ್ ಚರ್ಮ ದಪ್ಪ, ಜೀವ ಗಟ್ಟಿ, ಹೃದಯ ಎದೆಯ ಕೆಳಭಾಗದಲ್ಲಿ ಮುಂಗಾಲಿನ ಹತ್ರ ಇರತ್ತೆ, ಗುಂಡು ಸ್ವಲ್ಪ ಹಿಂದೆ ಬಿದ್ರೂ ಮುಳ್ಳುಪೊದೆಯೊಳಗೆ ಓಡಿ ಎಲ್ಲೋ ನರಳಿ ಸಾಯತ್ತೆ, ಹುಡುಕಿದ್ರೂ ಸಿಗಲ್ಲ. ಸಣ್ಣ ರೈಫಲ್ ತಂದ್ರೆ ಗೈಡ್‌ಗಳು ಬೇಡ ಅಂತಾರೆ, ಸರಿಯಾಗೇ ಅಂತಾರೆ. ಹತ್ತಿರಕ್ಕೆ ಹೋಗಕ್ಕಾಗಲ್ಲ ಅಂದ್ರೆ ಗುಂಡು ಹೊಡೀದೆ ವಾಪಸ್ ಬರಬೇಕು, ಅಷ್ಟೇ. ಸೀಸದ ಗುಂಡು ಒಳಗೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಮಾಂಸದಲ್ಲಿ ಉಳಿಯತ್ತೆ, ಮನೇಲಿ ಮಕ್ಕಳಿಗೆ ತಿನ್ನಿಸೋ ಮಾಂಸ ಅಂದ್ರೆ ತಾಮ್ರದ ಗುಂಡೇ ಬಳಸಬೇಕು.

ಹೊಡೆದ ಮೇಲೆ ಟೈಮ್ ಇರಲ್ಲ. ಅಲ್ಲಿಯ ಬಿಸಿಲಿಗೆ ತಕ್ಷಣ ಕರುಳು ತೆಗೆದು, ಚರ್ಮ ಬಿಡಿಸಿ, ಮಾಂಸ ಐಸ್‌ಗೆ ಇಲ್ಲಾ ಕೋಲ್ಡ್ ರೂಮ್‌ಗೆ ಹೋಗಬೇಕು, ಫೋಟೋ ತೆಗೀತಾ ನಿಂತ್ರೆ ಹಾಳಾಗತ್ತೆ. ಕೊಬ್ಬು ಇರೋದೇ ಇಲ್ಲ ಅನ್ನೋಷ್ಟು ಕಮ್ಮಿ. ಬೆನ್ನಿನ ಭಾಗನ ಜಾಸ್ತಿ ಬೇಯಿಸಿದ್ರೆ ಒಣಗಿ ಗಟ್ಟಿಯಾಗತ್ತೆ, ಕಾಲಿನ ಭಾಗ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಕತ್ತು, ಪಕ್ಕೆ ಯಾವುದನ್ನೂ ಬಿಸಾಕೋ ಅವಶ್ಯಕತೆ ಇಲ್ಲ, ಕೈಮಾ ಮಾಡಬಹುದು.

ಮಾರೋಕೂ ಅಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಬೇಟೆಗಾರರು ಹೊಡೆದ ಸ್ಥಳೀಯ ಜಿಂಕೆ ಮಾಂಸ ಮಾರೋ ಹಾಗಿಲ್ಲ, ಆದ್ರೆ ಇಂಥ ಹೊರಗಿನ ಪ್ರಾಣಿಗಳನ್ನ ಮಾಂಸ ಪರೀಕ್ಷೆ ಮಾಡೋ ಸರ್ಕಾರಿ ಇನ್‌ಸ್ಪೆಕ್ಟರ್ ಎದುರಿಗೇ, ಸೈಲೆನ್ಸರ್ ಹಾಕಿದ ರೈಫಲ್‌ನಲ್ಲಿ ದೂರದಿಂದ ಹೊಡೆದು, ಅಲ್ಲೇ ಟ್ರೇಲರ್‌ನಲ್ಲಿರೋ ಕಸಾಯಿಖಾನೆಯಲ್ಲಿ ಪರೀಕ್ಷೆ ಮಾಡ್ಸಿ ಹೋಟೆಲ್‌ಗಳಿಗೆ ಕಳಿಸ್ತಾರೆ. ಲಾರಿಗೆ ತುಂಬಿಸಿ ದಿನಗಟ್ಟಲೆ ಹೆದರಿಸಿ ಕೊಲ್ಲೋದಕ್ಕಿಂತ, ಮೇಯ್ತಾ ಇದ್ದ ಜಾಗದಲ್ಲೇ ಒಂದೇ ಏಟಿಗೆ ಹೋಗೋ ಈ ಸಾವು ಎಷ್ಟೋ ವಾಸಿ ಅಂತ ನಂಗನ್ಸತ್ತೆ. ಉಣುಗಿನ ಕಾರಣಕ್ಕೆ ಹೆಲಿಕಾಪ್ಟರ್‌ನಿಂದ ಹೊಡೆಯೋದೂ ಉಂಟು. ಅಲ್ಲೂ ನಾನು ಕೇಳೋದು ಇಷ್ಟೇ, ಹೊಡೆದದ್ದು ಬಿದ್ದಲ್ಲೇ ಕೊಳೀಬಾರದು, ಹಿಂದೆನೇ ಜನ ಹೋಗಿ ಮಾಂಸ ಎತ್ಕೊಂಡು ಬರೋ ಏರ್ಪಾಡು ಆಗ್ಬೇಕು, ಅದಿಲ್ಲದೆ ಹೆಲಿಕಾಪ್ಟರ್ ಹಾರಿಸಬಾರದು.

ನಿಮ್ಮ ವರದಿಗಾರರು ಈ ವಿಷಯಕ್ಕೆ ಮತ್ತೆ ಕೈ ಹಾಕಿದ್ರೆ, ಎಷ್ಟು ಸತ್ವು ಅನ್ನೋದರ ಜತೆಗೆ ಹೊಡೆದದ್ದರಲ್ಲಿ ಹೆಣ್ಣೆಷ್ಟು, ಮಾಂಸ ಯಾರ ಮನೆಗೆ ಹೋಯ್ತು ಅನ್ನೋದನ್ನೂ ದಯವಿಟ್ಟು ಕೇಳಿ ಬರೀಲಿ.

ಇಂತಿ,
ದಕ್ಷಿಣ ಟೆಕ್ಸಾಸ್‌ನಿಂದ ನಿಮ್ಮ ಓದುಗ