ಕಾನ್‌ಸ್ಟೇಬಲ್‌ಗೆ, ಒಂದು ಸಂಪಿಗೆ ಮರದ ವಿಚಾರವಾಗಿ

ಪ್ರಿಯ ಕಾನ್‌ಸ್ಟೇಬಲ್,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ಅಡಿಕೆ ರೇಟು ಬಿಟ್ಟು ಬೇರೆ ಮಾತಿಲ್ಲ. ಅದಕ್ಕೇ ಹೀಗೆ ಊರೆಲ್ಲ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಲೈಕ್ ಒತ್ತಿದ ಮೇಲಾದರೂ ನಿನ್ನ ಕಣ್ಣಿಗೆ ಬೀಳಬಹುದು. ಓದುತ್ತಿರುವ ಉಳಿದವರಿಗೆ ಒಂದು ಮಾತು: ಇವನು ಪೊಲೀಸ್ ಅಲ್ಲ. ಆ ಹೆಸರು ಹೇಗೆ ಬಂತು ಅಂತ ಕೇಳಬೇಡಿ, ನೀರಿನ ಟ್ಯಾಂಕಿನ ಮೇಲೆ ಆಣೆ ಇಟ್ಟಿದ್ದೇವೆ.

ಈಗೊಂದು ಕೆಲಸ ಬಂದಿದೆ ಮಾರಾಯ. ಮುಂಬೈಯ ಪಾರ್ಸಿ ಅಜ್ಜಿಯೊಬ್ಬರು ಮೊಮ್ಮಕ್ಕಳಿಗೆ ಅಂತ ಗೋಡೆ ಕ್ಯಾಲೆಂಡರ್ ಮಾಡಿಸುತ್ತಿದ್ದಾರೆ. ಅವರ ಜರತುಷ್ಟ್ರ ಧರ್ಮದಲ್ಲಿ ಪರಮ ದೇವರು ಅಹುರ ಮಜ್ದಾ ಜೊತೆಗೆ ಆರು ದಿವ್ಯ ಶಕ್ತಿಗಳಿವೆ, ಅಮೇಶ ಸ್ಪೆಂತ ಅಂತ. ದನಕರುಗಳಿಗೆ ಒಬ್ಬರು, ಬೆಂಕಿಗೆ ಒಬ್ಬರು, ಲೋಹ, ಭೂಮಿ, ನೀರು ಒಬ್ಬೊಬ್ಬರಿಗೆ. ಕೊನೆಯವರು ಅಮೆರೆತಾತ್, ಗಿಡಮರಗಳ ಉಸ್ತುವಾರಿ. ಪಾರ್ಸಿಗಳ ಬಾಯಲ್ಲಿ ಅಮರ್ದಾದ್. ಐದು ಚಿತ್ರ ಬೇಗ ಮುಗಿದವು. ಲೋಹದವರಂತೂ ಕುಷಾಣ ದೊರೆ ಹುವಿಷ್ಕನ ನಾಣ್ಯದಲ್ಲೇ ಯೋಧನ ವೇಷದಲ್ಲಿ ರೆಡಿಯಾಗಿ ನಿಂತಿದ್ದಾರೆ.

ತಕರಾರು ಗಿಡದವರದ್ದೇ.

ಹೆಣ್ಣೋ ಗಂಡೋ? ಅವರ ಧರ್ಮಗ್ರಂಥದ ಅವೆಸ್ತಾ ಭಾಷೆಯಲ್ಲಿ ಈ ಹೆಸರು ಸ್ತ್ರೀಲಿಂಗ. ಪಹ್ಲವಿಗೆ, ಅಂದರೆ ನಡುಗಾಲದ ಪರ್ಷಿಯನ್‌ಗೆ, ಬರುವ ಹೊತ್ತಿಗೆ ಭಾಷೆಯಲ್ಲಿ ಲಿಂಗವೇ ಇಲ್ಲ. ‘ಅವರು’ ಅಂತ ಬರೆದು ಪಾರಾಗುತ್ತಿದ್ದೇನೆ, ಕನ್ನಡ ಈ ವಿಷಯದಲ್ಲಿ ಅನುಕೂಲ. ಆದರೆ ಚಿತ್ರದಲ್ಲಿ ‘ಅವರು’ ಬಿಡಿಸೋದು ಹೇಗೆ? ಮೊದಲ ರಫ್‌ನಲ್ಲಿ ಹಸಿರು ಸೀರೆ, ಬಳ್ಳಿ ಸುತ್ತಿದ ಕಿರೀಟ, ಹಿಂದೆ ಪ್ರಭಾವಳಿ ಹಾಕಿದೆ. ಅಜ್ಜಿ ನೋಡಿ, “ದೀಕ್ರಾ, ಚೆನ್ನಾಗಿದೆ. ಆದರೆ ಇದು ಕಿರಾಣಿ ಅಂಗಡಿ ಕ್ಯಾಲೆಂಡರಿನಿಂದ ಇಳಿದು ಬಂದ ಹಾಗಿದೆ” ಎಂದರು. ನೀನು ಹೇಳಿದ್ದರೆ ಜಗಳ ಆಡುತ್ತಿದ್ದೆ.

ಎರಡನೇ ಎಡವಟ್ಟು ಹೆಸರಿನದ್ದು. ಇರಾನಿನಲ್ಲಿ ಜುಲೈ 23ರ ಹೊತ್ತಿಗೆ ಶುರುವಾಗುವ ಐದನೇ ತಿಂಗಳಿಗೆ ಇವರದೇ ಹೆಸರು. ಉರಿಬಿಸಿಲಿನ ತಿಂಗಳು. ಬಳಕೆಯಲ್ಲಿ ಜನ ‘ಮೊರ್ದಾದ್’ ಅನ್ನುತ್ತಾರೆ. ನಾನು ಅದನ್ನೇ ನೋಡಿಕೊಂಡು ದೊಡ್ಡಕ್ಷರದಲ್ಲಿ ಬರೆದು ಕಳಿಸಿದೆ. ಫೋನಿನಲ್ಲಿ ಅಜ್ಜಿ ಅರ್ಧ ನಿಮಿಷ ಮಾತೇ ಆಡಲಿಲ್ಲ. ಅವೆಸ್ತಾಕ್ಕೂ ಸಂಸ್ಕೃತಕ್ಕೂ ಅಕ್ಕತಂಗಿ ಸಂಬಂಧ, ಗೊತ್ತಲ್ಲ. ನಮ್ಮ ‘ಅಮೃತ’ದ ಮೊದಲಕ್ಷರ ತೆಗೆದು ಓದು. ಅದನ್ನು ನಾನು ಮಕ್ಕಳ ಕೋಣೆಯ ಗೋಡೆಗೆ ಬರೆದು ಕೊಟ್ಟಿದ್ದೆ. ಟೆಹ್ರಾನಿನ ಜರತುಷ್ಟ್ರ ಧರ್ಮದವರ ಒಂದು ಪತ್ರಿಕೆ ಇದೆ. ಅದರ ಹೆಸರು ‘ಅಮೊರ್ದಾದ್’, ಆ ‘ಅ’ ಬಿಡದೆ.

ಆಮೇಲೆ ಅಜ್ಜಿ ಬುಂದಹಿಶ್ನ್ ಎಂಬ ಪಹ್ಲವಿ ಗ್ರಂಥದಿಂದ ಸೃಷ್ಟಿಯ ಕಥೆ ಹೇಳಿದರು. ಮೊದಲು ಇದ್ದದ್ದು ಒಂದೇ ಒಂದು ಗಿಡವಂತೆ. ಅದಕ್ಕೆ ತೊಗಟೆ ಇಲ್ಲ, ಮುಳ್ಳಿಲ್ಲ. ಹಸಿಹಸಿ, ಸಿಹಿ. ಕೇಡಿನ ಶಕ್ತಿ ಅಹ್ರಿಮನ್ ಬಂದ, ವಿಷ ತಾಗಿಸಿದ, ಗಿಡ ಒಣಗಿತು. ಆಗ ಅಮರ್ದಾದ್ ಅದನ್ನು ಕುಟ್ಟಿ ಪುಡಿ ಮಾಡಿ, ಮಳೆಯ ದೇವತೆ ತಿಷ್ಟರ್ ಹಿಡಿದು ತಂದ ನೀರಿಗೆ ಬೆರೆಸಿದರು. ಆ ನೀರು ಭೂಮಿಗೆಲ್ಲ ಸುರಿಯಿತು. ಗಿಡಗಳು ಎದ್ದವು, ಮನುಷ್ಯರ ತಲೆ ಮೇಲೆ ಕೂದಲು ಎದ್ದ ಹಾಗೆ. 10,000 ರೋಗಕ್ಕೆ 10,000 ಬಗೆಯ ಗಿಡ. (ನಿನ್ನ ತಲೆ ನೆನಪಾಯಿತು. ತಿಷ್ಟರ್ ನಿಮ್ಮೂರ ಕಡೆ ಬಂದಿಲ್ಲ.)

ಕಿರೀಟ, ಸೀರೆ ಎಲ್ಲ ಅಳಿಸಿದೆ. ಈಗ ಚಿತ್ರದಲ್ಲಿ ಒಬ್ಬರು ಕುಕ್ಕರಗಾಲಲ್ಲಿ ಕೂತು ಕುಟ್ಟುತ್ತಿದ್ದಾರೆ, ಅಷ್ಟೇ. ಅವರ ಯಸ್ನ ವಿಧಿಯಲ್ಲಿ ಪುರೋಹಿತರು ಹವೋಮ ಎಂಬ ಪವಿತ್ರ ಗಿಡ ಕುಟ್ಟುವ ಲೋಹದ ಪಾತ್ರೆಯೊಂದಿದೆ, ನಮ್ಮಜ್ಜಿಯ ಎಲೆಯಡಿಕೆ ಕುಟ್ಟಾಣಿಯ ದೊಡ್ಡಣ್ಣ. ಅದನ್ನೇ ಮುಂದಿಟ್ಟೆ. ಹುಬ್ಬಿನ ಮೇಲೆ, ಮೂಗಿನ ತುದಿಯಲ್ಲಿ ಹಸಿರು ಪುಡಿ. ಪಕ್ಕದಲ್ಲಿ ಆ ಮೊದಲ ಗಿಡ ಬರಬೇಕು, ತೊಗಟೆ ಇಲ್ಲದ್ದು. ಮೂಲೆಯಲ್ಲಿ ಅವರ ಹೂವು. ಅದೇ ಗ್ರಂಥದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೂವು ಕೊಟ್ಟಿದ್ದಾರೆ. ನೀರಿನವರಿಗೆ ಲಿಲ್ಲಿ. ಅಮರ್ದಾದ್‌ಗೆ ಕೊಟ್ಟ ಹೂವಿನ ಹೆಸರು ‘ಚಂಬಗ್’. ಅಂದರೆ ಚಂಪಕ. ಅಂದರೆ ಸಂಪಿಗೆ.

ಪೆನ್ ಕೆಳಗಿಟ್ಟೆ.

ನಮ್ಮ ಹಿತ್ತಲ ಸಂಪಿಗೆ ಮರ ಕಡಿಸಿದ್ದು ಅಣ್ಣ ಅಂತ ನಿನಗೆ ಹೇಳಿದ್ದೆ. ಹೊಸ ಮನೆ ಪೂಜೆಯ ದಿನ ನೀನು ಅವನನ್ನು ಮಾತಾಡಿಸದೆ, ಊಟಕ್ಕೂ ಕೂರದೆ ಹೋದೆ. ಅಣ್ಣ ಒಂದು ಮಾತು ಆಡಲಿಲ್ಲ. ಅದು ಹಾಗಲ್ಲ. ಅವನು ನನಗೆ ಮರದ ಫೋಟೋ ಕಳಿಸಿ ಕೇಳಿದ್ದ: ‘ಕಾರ್ ಶೆಡ್ಡಿಗೆ ಇದನ್ನು ತೆಗೆಯೋಣವಾ, ಇಲ್ಲ ಶೆಡ್ಡನ್ನೇ ಗದ್ದೆ ಕಡೆ ಹಾಕೋಣವಾ? ಖರ್ಚು ಸ್ವಲ್ಪ ಜಾಸ್ತಿ.’ ಶೆಡ್ಡು ನನ್ನ ಕಾರಿಗೆ. ವರ್ಷಕ್ಕೆ ಎರಡು ಸಲ ಬರುವ ಕಾರಿಗೆ. ನಾನು ಹೆಬ್ಬೆಟ್ಟು ಒತ್ತಿದೆ. ‘ಹೆಬ್ಬೆಟ್ಟು ಯಾವುದಕ್ಕೋ?’ ಅಂತ ಮತ್ತೆ ಕೇಳಿದ. ‘ಮೊದಲನೆಯದಕ್ಕೆ’ ಅಂತ ಬರೆದೆ.

ಇನ್ನೊಂದಿದೆ. ಆ ಫೋಟೋ ಹತ್ತಿರದಿಂದ ತೆಗೆದದ್ದು. ಬೂದು ತೊಗಟೆ, ಬಿಳಿ ಮಚ್ಚೆ, ನೀನು ಕೈವಾರದ ಮುಳ್ಳಲ್ಲಿ ಕೊರೆದ ಗೀಟು, ಎಲ್ಲ ನಿಚ್ಚಳ. ಫೋಟೋದಿಂದಲೇ ತೊಗಟೆಯ ಒಂದು ತುಂಡು ಕತ್ತರಿಸಿ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಬ್ರಷ್ ಮಾಡಿಕೊಂಡೆ. ಮರ ಇನ್ನೂ ನಿಂತಿತ್ತು ಆಗ. ನೀನು ‘ಆಹಾ, ಮುಟ್ಟಬೇಕು ಅನ್ನಿಸುತ್ತೆ’ ಅಂತ ಕಾಮೆಂಟ್ ಹಾಕಿದ ಆಲದ ಮರ ಇದೆಯಲ್ಲ, ಅದಕ್ಕೂ ಅದೇ ತೊಗಟೆ. ಆಮೇಲಿನ ನನ್ನ ಎಲ್ಲ ಮರಗಳಿಗೂ ಅದೇ. ಈಗ ತೊಗಟೆಯಿಲ್ಲದ ಗಿಡ ಬಿಡಿಸು ಅಂದರೆ ಕೈಗೆ ಬರುತ್ತಿಲ್ಲ. ಮೂರು ರಾತ್ರಿ ಕೂತೆ. ಬಿಡಿಸಿದ್ದೆಲ್ಲ ಸೌತೆಕಾಯಿ ಆಗುತ್ತಿದೆ.

ಸಾಕು. ಇಷ್ಟೆಲ್ಲ ಹೇಳಬೇಕು ಅಂತ ಕೂತಿರಲಿಲ್ಲ, ಕ್ಯಾಲೆಂಡರ್ ಬಗ್ಗೆ ಜಂಬ ಕೊಚ್ಚಿ ಮುಗಿಸೋಣ ಅಂತಿದ್ದೆ. ಅಣ್ಣ ಫೇಸ್‌ಬುಕ್ಕಿನಲ್ಲಿಲ್ಲ. ಅತ್ತಿಗೆ ಇದ್ದಾರೆ. ಈ ಸಲ ಹಬ್ಬಕ್ಕೆ ನನಗೆ ಹೋಳಿಗೆ ಸಿಗುವುದು ಅನುಮಾನ. ಬಯ್ಯುವುದಿದ್ದರೆ ಕಾಮೆಂಟಿನಲ್ಲಿ ಬೇಡ, ಫೋನ್ ಮಾಡು. ಅಡಿಕೆ ರೇಟನ್ನೂ ಪೂರ್ತಿ ಕೇಳುತ್ತೇನೆ. ಅಣ್ಣನಿಗೂ ಒಂದು ಫೋನ್ ಮಾಡಿಬಿಡು, ಆಯ್ತಾ?

ಕುಟ್ಟುತ್ತಿರುವ ಚಿತ್ರ ಅಜ್ಜಿಗೆ ಇಷ್ಟವಾಗಿದೆ. ಒಂದೇ ತಿದ್ದುಪಡಿ: “ಹೊಟ್ಟೆ ಸ್ವಲ್ಪ ಕಡಿಮೆ ಮಾಡು, ದೀಕ್ರಾ.” ಕನ್ನಡಿ ನೋಡಿಕೊಂಡು ಬಿಡಿಸಿದ್ದು ಅಂತ ನಾನು ಹೇಳಿಲ್ಲ.

ಇಂತಿ ನಿನ್ನ,
ಹೆಬ್ಬೆಟ್ಟು