ಹತ್ತು ಗುಂಟೆ ಗುಳಿ ರಾಗಿ: ಕೈಜೋಡಿಸಿದವರಿಗೆಲ್ಲ ಶರಣು

ಕೊಯ್ಲು ಮುಗಿದು ಮೆದೆ ಒಟ್ಟಿಯಾಯಿತು. ಜೂನ್‌ನಿಂದ ನವೆಂಬರ್‌ವರೆಗೆ ಇಪ್ಪತ್ತೆರಡು ಹೆಣ್ಣುಮಕ್ಕಳು ಗುಳಿ ರಾಗಿ ಬೇಸಾಯವನ್ನು, ಅಂದರೆ ಅಳತೆಯಿಟ್ಟು ತೋಡಿದ ಗುಳಿಗಳಲ್ಲಿ ರಾಗಿ ಸಸಿ ನೆಡುವ ಪದ್ಧತಿಯನ್ನು, ಹೊಲದಲ್ಲೇ ಕಲಿತರು. ಅದಕ್ಕೆ ಯಾರು ಏನು ಕೊಟ್ಟರು ಅಂತ ಬಿಡಿಸಿ ಹೇಳಿದರೇ ಋಣ ನೆನೆದಂತೆ.

ಮೊದಲ ನಮಸ್ಕಾರ ಹೊಲ ಬಿಟ್ಟುಕೊಟ್ಟ ಮನೆಯವರಿಗೆ. ಕಲಿಯುವ ಕೈಗೆ ಹೊಲ ಕೊಡುವುದೆಂದರೆ ಬೆಳೆ ಕೆಟ್ಟರೂ ಸರಿ ಎಂದು ಒಪ್ಪಿದಂತೆ. ಹಾಗೆ ಒಪ್ಪಿದ್ದರಿಂದಲೇ ಅಲ್ಲಿ ತಪ್ಪು ಮಾಡಿ ಕಲಿಯಲು ಆಯಿತು.

ಬೀಜ ಕೊಟ್ಟ ಅಜ್ಜಿಯರು ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಐದನೇ ದಿನ ಮೊಳಕೆ ಎಣಿಸಲು ಹೇಳಿದರು. ಎಪ್ಪತ್ತೈದಕ್ಕಿಂತ ಕಮ್ಮಿ ಬಂದರೆ ಆ ಬೀಜ ಬೇಡ ಎಂದರು. ಆರಿದ್ರಾ ಮಳೆಗೆ ಒಟ್ಟಲು, ಅಂದರೆ ಸಸಿಮಡಿ, ಹಾಕುವಾಗ ಕಾಳಿಗೆ ಮರಳು ಬೆರೆಸಿ ತೆಳ್ಳಗೆ ಚೆಲ್ಲಿಸಿ, ಇರುವೆ ಹೊತ್ತೊಯ್ಯದಂತೆ ಮಡಿಯ ಸುತ್ತ ಬೂದಿ ಹಾಕಿಸಿದವರೂ ಅವರೇ.

ಬಡಗಿ ಅಣ್ಣನನ್ನು ಹೇಗೆ ನೆನೆಯುವುದು! ಗುಳಿಯಿಂದ ಗುಳಿಗೆ ಒಂದೂವರೆ ಅಡಿ, ಅಂದರೆ ಒಂದು ಮೊಳ ಎಂದು ಎಲ್ಲರೂ ತಮ್ಮ ತಮ್ಮ ಮೊಳದಲ್ಲೇ ಅಳೆದಿದ್ದರು. ಒಬ್ಬೊಬ್ಬರ ಮೊಳ ಒಂದೊಂದು. ಆರನೇ ಸಾಲಿಗೆ ಬರುವಷ್ಟರಲ್ಲಿ ಗೆರೆ ಸೊಟ್ಟಗಾಗಿ, ಕಳೆ ತೆಗೆಯುವ ಕುಂಟೆಯನ್ನು ಅಡ್ಡಡ್ಡ ಹೊಡೆಯಲು ದಾರಿಯೇ ಉಳಿದಿರಲಿಲ್ಲ. ಅವರು ಒಂದೇ ಅಳತೆಯ ಬಿದಿರು ಕೋಲು ಕತ್ತರಿಸಿ ಎಲ್ಲರಿಗೂ ಕೊಟ್ಟರು. ಎಡೆಕುಂಟೆಯ ಹಿಡಿಯನ್ನೂ ಹೆಂಗಸರ ಸೊಂಟದ ಎತ್ತರಕ್ಕೆ ಇಳಿಸಿಕೊಟ್ಟರು. ಬೆನ್ನುನೋವು ಎಂದು ಕೂರುತ್ತಿದ್ದವರು ಆಮೇಲೆ ಕೂರಲಿಲ್ಲ.

ಗೊಬ್ಬರ ಕೊಟ್ಟ ಮನೆಗಳಿಗೂ ಶರಣು. ಹತ್ತು ಗುಂಟೆಗೆ 10,890 ಚದರ ಅಡಿ. ಒಂದೂವರೆ ಅಡಿ ಚೌಕದಂತೆ 4,840 ಗುಳಿ. ಗುಳಿಗೊಂದು ಹಿಡಿ, ನೂರು ಗ್ರಾಂ ಅಂತ ಹಿಡಿದರೂ ಸುಮಾರು ಐದು ಕ್ವಿಂಟಾಲ್ ಬೇಕು. ಒಂದು ಗಾಡಿ ಪೂರ್ತಿ ಕಳಿತಿರಲಿಲ್ಲ. ಕೆದಕಿದಾಗ ಗೊಣ್ಣೆಹುಳ ಕಂಡು ಆ ಗೊಬ್ಬರವನ್ನು ಪಕ್ಕಕ್ಕಿಟ್ಟೆವು. ಹುಳ ಸಮೇತ ಗುಳಿಗೆ ಹೋಗಿದ್ದರೆ ಸಸಿಯ ಬೇರು ಉಳಿಯುತ್ತಿರಲಿಲ್ಲ.

ಒಂದು ತಪ್ಪು ನಮ್ಮದೇ. ಒಂದು ಮಡಿಯ ಸಸಿಯನ್ನು 22ನೇ ದಿನಕ್ಕೆ ಕಿತ್ತು ಗುಳಿಗೆ ಎರಡರಂತೆ ನೆಟ್ಟೆವು. ಇನ್ನೊಂದು ಮಡಿ ಮಳೆ ಕಾಯುತ್ತಾ 34 ದಿನವಾಯಿತು. ಒಟ್ಟಲಲ್ಲೇ ವಯಸ್ಸಾದ ಸಸಿ ತೆಂಡೆ, ಅಂದರೆ ಬುಡದ ಕವಲು, ಒಡೆಯುವುದು ಕಮ್ಮಿ. ಎರಡು ಬುಡಗಳನ್ನು ಅಕ್ಕಪಕ್ಕ ಇಟ್ಟು ತೆಂಡೆ ಎಣಿಸಿದ ದಿನ ಯಾರಿಗೂ ವಿವರಿಸುವುದೇನೂ ಉಳಿಯಲಿಲ್ಲ.

ಹಾವೇರಿ ಕಡೆಯ ರೈತರು ಉಳಿಸಿಕೊಂಡು ಬಂದ ಕೊರಡಿನ ಪದ್ಧತಿಗೆ ವಿಶೇಷ ನಮನ. ಬೇರೂರಿದ ಎಳೆ ಪೈರಿನ ಮೇಲೆ ಮರದ ಕೊರಡು ಎಳೆದು ಬಾಗಿಸಿದರೆ ಬುಡ ಮಣ್ಣಿಗೆ ತಾಗಿ ಹೊಸ ಬೇರು, ಹೊಸ ತೆಂಡೆ ಬರುತ್ತವೆ. ಮೊದಲ ಸಲ ಎಳೆದಾಗ ಇಬ್ಬರು ಕಣ್ಣೀರು ಹಾಕಿದರು, ಪೈರು ಸತ್ತೇಹೋಯಿತು ಎಂದು. ಮೂರೇ ದಿನಕ್ಕೆ ಎದ್ದು ನಿಂತಿತು. ನೆಲದಲ್ಲಿ ಹದ ಇರಬೇಕು, ಅಷ್ಟೆ. ಒಣ ನೆಲದಲ್ಲಿ ಬಾಗಿದ್ದು ಏಳುವುದಿಲ್ಲ. ನಾಟಿಯಾಗಿ ಒಂದೂವರೆ ತಿಂಗಳು ದಾಟಿ ದಂಟು ಬಲಿತ ಮೇಲೆ ಎಳೆದರೆ ಮುರಿಯುತ್ತದೆ.

ಮಕ್ಕಳನ್ನು ನೋಡಿಕೊಂಡ ಅಂಗನವಾಡಿ ಕಾರ್ಯಕರ್ತೆಗೂ ವಂದನೆ. ಬೆಳಗಿನ ಹಾಲು ಕರೆದು, ಅಡುಗೆ ಮುಗಿಸಿ ಬರುವವರಿಗೆ ಹನ್ನೊಂದರಿಂದ ಎರಡರವರೆಗಿನ ಹೊತ್ತೇ ಸರಿ. ತರಬೇತಿ ನಡೆಸುವವರು ಇದೊಂದನ್ನು ಗಮನಿಸಲಿ. ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಿ ಕರೆಯುವುದನ್ನೂ ಬಿಡಲಿ. ಕಳೆ ಕೀಳುವವಳನ್ನು ಕರೆಯಲಿ.

ಹೊಲದ ನಡುವಿನಿಂದ ಆರಿಸಿದ ಬೀಜದ ತೆನೆಗಳು ಬೇರೆಯಾಗಿ ಒಣಗುತ್ತಿವೆ. ಹತ್ತು ಗುಂಟೆಗೆ ನೂರು ಗ್ರಾಂ ಧಾರಾಳ. ಇಪ್ಪತ್ತೆರಡು ಜನರಿಗೂ ಒಂದೊಂದು ಗಂಟು ಕಟ್ಟಿಡುತ್ತೇವೆ. ಹೊಲ ಕೊಟ್ಟ ಮನೆಗೆ ಮೊದಲ ಗಂಟು.